ಎಂಜಿನಿಯರಿಂಗ್ ಜೊತೆ ಬಿಸಿನೆಸ್: ನನ್ನ ಡಬಲ್ ಮೇಜರ್ ಹೇಗಿದೆ?

ಮೆಕ್ಯಾನಿಕಲ್ ಎಂಜಿನಿಯರಿಂಗ್ ಜೊತೆ ಫೈನಾನ್ಸ್ ಓದುತ್ತಿದ್ದೇನೆ, ಎರಡೂ ಮುಖ್ಯ ವಿಷಯಗಳೇ. ಓದು ನಿಜಕ್ಕೂ ಚೆನ್ನಾಗಿದೆ. ಲ್ಯಾಬ್‌ನಲ್ಲಿ ಹೀಟ್ ಎಕ್ಸ್‌ಚೇಂಜರ್ ಡಿಸೈನ್ ಮಾಡಿದೆ; ಅದು ಬಿಸಿ ದ್ರವದ ಶಾಖವನ್ನು ತಣ್ಣನೆಯ ದ್ರವಕ್ಕೆ ದಾಟಿಸುವ ಸಾಧನ. ಆಮೇಲೆ ಫೈನಾನ್ಸ್ ತರಗತಿಯಲ್ಲಿ ಅದಕ್ಕೇ ನೆಟ್ ಪ್ರೆಸೆಂಟ್ ವ್ಯಾಲ್ಯೂ ಲೆಕ್ಕ ಹಾಕಿದೆ, ಅಂದರೆ ಮುಂದೆ ಬರುವ ಹಣದ ಇಂದಿನ ಬೆಲೆಯಲ್ಲಿ ಖರ್ಚು ಕಳೆದು ಉಳಿಯುವುದೆಷ್ಟು ಎಂದು. ಕೊಳವೆಗಳು ಹೆಚ್ಚಾದರೆ ಶಾಖದ ಉಳಿತಾಯ ಜಾಸ್ತಿಯಾಗುತ್ತದೆ, ಖರ್ಚೂ ಏರುತ್ತದೆ. ಬಡ್ಡಿ ದರ ಸ್ವಲ್ಪ ಏರಿಸಿದ ಕೂಡಲೇ ನನ್ನ ಡಿಸೈನ್ ನಷ್ಟಕ್ಕೆ ತಿರುಗಿತು! ಒಂದೇ ವಿಭಾಗದಲ್ಲಿ ಕೂತು ಇದನ್ನು ಕಲಿಯುವುದು ಕಷ್ಟ, ಅಲ್ವಾ?

ಬೇಸರ ತರಿಸಿದ್ದು ಟೈಮ್‌ಟೇಬಲ್. ಲ್ಯಾಬ್, ಅಕೌಂಟಿಂಗ್ ಎರಡೂ ಒಂದೇ ಹೊತ್ತಿಗೆ. ಅಕೌಂಟಿಂಗ್ ಮುಗಿಯದೆ ಮುಂದಿನ ಫೈನಾನ್ಸ್ ಕೋರ್ಸ್ ಕೊಡುವುದಿಲ್ಲ. ಹಾಗಾಗಿ ಒಂದು ಸೆಮಿಸ್ಟರ್ ಹೆಚ್ಚಾಯಿತು, ಅದರ ಫೀಸೂ. ಎರಡು ಕಡೆಯ ಸಲಹೆಗಾರರು ಒಟ್ಟಿಗೆ ಕೂತು ಮಾತಾಡಲೇ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಎರಡಕ್ಕೂ ಲೆಕ್ಕಕ್ಕೆ ಬಂತು.

ಸುಮ್ನೆ ಹೆಸರಿಗೆ ಎರಡು ಮೇಜರ್ ಬೇಕು ಅನ್ನುವವರಿಗೆ ಇದು ಬೇಡ. ಸೇರುವವರು ಯಾವ ಕೋರ್ಸ್ ಎರಡಕ್ಕೂ ಸಲ್ಲುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ.