ಫ್ರೇಮ್‌ವರ್ಕ್ 13: ಬಿಡಿಯಾಗಿ ತರಿಸಬೇಕೋ, ಜೋಡಿಸಿದ್ದೇ ತರಿಸಬೇಕೋ?

ಫ್ರೇಮ್‌ವರ್ಕ್ 13 ಎಂದರೆ ಭಾಗಗಳನ್ನು ನಾವೇ ಬಿಚ್ಚಿ ಬದಲಿಸಬಹುದಾದ, ಹೊರದೇಶದಿಂದ ತರಿಸಿಕೊಳ್ಳಬೇಕಾದ ಲ್ಯಾಪ್‌ಟಾಪ್. ಮೈಸೂರಿನಲ್ಲಿದ್ದು ಫ್ರೇಮ್‌ವರ್ಕ್ 13 ಬೇಕೆನ್ನುವವರಿಗೆ ಡಿಐವೈ ಮಾದರಿಯೇ (ಬಿಡಿಯಾಗಿ ಬರುವ, ನಾವೇ ಜೋಡಿಸಿಕೊಳ್ಳುವಂಥದ್ದು) ಸರಿ. ಉಳಿತಾಯಕ್ಕಿಂತ ಮುಖ್ಯ ಕಾರಣ ವಾರಂಟಿ. ಅಮೆರಿಕದಲ್ಲಿರುವ ಮಗನೋ ತಂಗಿಯೋ ಊರಿಗೆ ಬರುವಾಗ ತರುವುದಾದರೆ, 18 ತುಂಬಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್‌ಗೆ ಸುಂಕವಿಲ್ಲ. ಆದರೆ ವಾರಂಟಿ ಕೊಂಡ ದೇಶದಲ್ಲೇ ಉಳಿಯಿತು ಎಂದುಕೊಂಡೇ ಲೆಕ್ಕ ಹಾಕಿ. ರ‍್ಯಾಮ್ ಮತ್ತು ಎಸ್‌ಎಸ್‌ಡಿಯನ್ನು ಇಲ್ಲೇ ಜಿಎಸ್‌ಟಿ ಬಿಲ್ ಹಾಕಿಸಿ ಕೊಂಡರೆ ಅವೆರಡರ ವಾರಂಟಿಯಾದರೂ ಕೈಯಳತೆಯಲ್ಲಿರುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ್ದು ಸ್ಪಷ್ಟವಾಗಿರಲಿ. ರೈಜನ್ (ಎಎಂಡಿ ಪ್ರೊಸೆಸರ್) ಬೋರ್ಡ್‌ಗಳಿಗೆ ಡಿಡಿಆರ್5 ಸೋಡಿಮ್, ಅಂದರೆ ಲ್ಯಾಪ್‌ಟಾಪ್‌ಗೆ ಹೊಂದುವ ಗಿಡ್ಡ ರ‍್ಯಾಮ್ ಸ್ಟಿಕ್, 5600 ವೇಗದ್ದು. 2021ರ ಮೊದಲ ಇಂಟೆಲ್ ಮಾದರಿಗೆ ಡಿಡಿಆರ್4. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. 32 ಜಿಬಿ ಬೇಕಿದ್ದರೆ 16ರ ಎರಡು ಸ್ಟಿಕ್ ಕೊಳ್ಳಿ. ಗ್ರಾಫಿಕ್ಸ್‌ ಕೂಡ ಇದೇ ರ‍್ಯಾಮನ್ನು ಬಳಸುವುದರಿಂದ ಒಂದೇ ಸ್ಟಿಕ್ ಹಾಕಿದರೆ ಪೆಟ್ಟು ಬೀಳುವುದು ಅಲ್ಲಿಗೇ. ಎಸ್‌ಎಸ್‌ಡಿ ಎಂ.2 2280 (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ) ಎನ್‌ವಿಎಂಇ ಬಗೆಯದು. ದಪ್ಪ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಪಟ್ಟಿ) ಅಂಟಿಸಿದ್ದು ಬೇಡ.

ಜೋಡಣೆ ಅರ್ಧ ಗಂಟೆಯ ಕೆಲಸ, ಸ್ಕ್ರೂಡ್ರೈವರ್ ಡಬ್ಬಿಯಲ್ಲೇ ಬರುತ್ತದೆ. ತಳದ ಐದು ಟಿ5 (ನಕ್ಷತ್ರದಾಕಾರದ ತಲೆಯ) ಸ್ಕ್ರೂಗಳನ್ನು ಸಡಿಲಿಸಿ. ಅವು ಕಳಚಿ ಬೀಳುವುದಿಲ್ಲ, ಎಳೆಯಬೇಡಿ. ಲ್ಯಾಪ್‌ಟಾಪನ್ನು ತಿರುಗಿಸಿ ಇಟ್ಟು ಕೀಬೋರ್ಡ್ ಇರುವ ಮೇಲ್ಭಾಗವನ್ನು ಮೆಲ್ಲಗೆ ಎತ್ತಿ. ಅವಸರ ಮಾಡಿದವರು ಎಡವುವುದು ಇಲ್ಲೇ: ಟಚ್‌ಪ್ಯಾಡ್‌ನಿಂದ ಬೋರ್ಡ್‌ಗೆ ಒಂದು ಗಿಡ್ಡ ರಿಬ್ಬನ್ ಕೇಬಲ್ ಇದೆ. ಮೊದಲು ಅದರ ಕನೆಕ್ಟರನ್ನು ನೇರ ಮೇಲಕ್ಕೆ ಬಿಡಿಸಿ, ಆಮೇಲೆ ಕವರ್ ತೆಗೆಯಿರಿ. ರ‍್ಯಾಮನ್ನು ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಅಂಚು ಪೂರ್ತಿ ಒಳಗೆ ಹೋದ ಮೇಲೆ ಕೆಳಗೊತ್ತಿದರೆ ಎರಡೂ ಕಡೆ ಕ್ಲಿಪ್ ಟಕ್ ಎನ್ನಬೇಕು. ಪ್ರತಿ ಭಾಗದ ಮೇಲೂ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಅದರದೇ ವಿವರ ಬರುತ್ತದೆ. ಇಷ್ಟು ಮುತುವರ್ಜಿಯನ್ನು ಬೇರೆ ಕಂಪನಿಗಳೂ ಕಲಿಯಬೇಕು.

ಮೊದಲ ಸಲ ಆನ್ ಮಾಡುವಾಗ ಚಾರ್ಜರ್ ಸಿಕ್ಕಿಸಿರಿ. ಡಿಡಿಆರ್5 ರ‍್ಯಾಮ್ ತನ್ನ ಹೊಂದಾಣಿಕೆ ಮಾಡಿಕೊಳ್ಳುವವರೆಗೆ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತದೆ. ಕೆಟ್ಟುಹೋಯಿತೆಂದು ಪವರ್ ಬಟನ್ ಒತ್ತಿ ಹಿಡಿದರೆ ಅದು ಮತ್ತೆ ಮೊದಲಿಂದ ಶುರು. ತುಂಬಾ ಹೊತ್ತಾದರೂ ಏನೂ ಬಾರದಿದ್ದರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತದೆ.

ವಿಂಡೋಸ್ 11 ಹಾಕುವವರು ಫ್ರೇಮ್‌ವರ್ಕ್‌ನ ಡ್ರೈವರ್ ಕಟ್ಟನ್ನು (ವೈಫೈಯಂಥ ಭಾಗಗಳನ್ನು ನಡೆಸುವ ತಂತ್ರಾಂಶ) ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಇಲ್ಲದಿದ್ದರೆ ವೈಫೈ ಸಿಗದೆ, ಇಂಟರ್ನೆಟ್ ಕೇಳುವ ಹಂತದಲ್ಲಿ ಸೆಟಪ್ ನಿಂತುಬಿಡುತ್ತದೆ. ಲಿನಕ್ಸ್‌ನ ಫೆಡೋರಾ, ಉಬುಂಟುಗೆ ಈ ತಲೆನೋವಿಲ್ಲ. ಇಷ್ಟೂ ಬೇಡ, ತೆರೆದ ಕೂಡಲೇ ಕೆಲಸ ಆಗಬೇಕು ಎನ್ನುವವರಿಗೆ ಮಾತ್ರ ಜೋಡಿಸಿದ ಮಾದರಿ. ಮುಂದೆ ಬಿಚ್ಚಿ ರಿಪೇರಿ ಮಾಡಲು ಎರಡೂ ಒಂದೇ.

ರೈಜನ್ ಬೋರ್ಡ್‌ಗಳಲ್ಲಿ ನಾಲ್ಕು ಎಕ್ಸ್‌ಪಾನ್ಷನ್ ಕಾರ್ಡ್ (ಬೇಕಾದ ಪೋರ್ಟನ್ನು ಬದಲಿಸಿ ಸಿಕ್ಕಿಸುವ ಚಿಕ್ಕ ತುಂಡು) ಜಾಗಗಳೂ ಸಮನಲ್ಲ. ಹಿಂಭಾಗದ, ಅಂದರೆ ಪರದೆಯ ಕೀಲಿನ ಕಡೆಯ ಎರಡು ಯುಎಸ್‌ಬಿ4, ಹೆಚ್ಚು ವೇಗದವು. ಮಾನಿಟರ್‌ ಕಾರ್ಡ್ ಅಲ್ಲಿರಲಿ. ಯುಎಸ್‌ಬಿ-ಎ ಕಾರ್ಡ್‌ ಹಿಂದೆ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಮುಂದೆ ಹಾಕಿ. ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಟ್ಟು ಕೆಲಸ ಮಾಡುವವರು ಬಯಾಸ್‌ನಲ್ಲಿ (ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಚಾರ್ಜ್ ಮಿತಿಯನ್ನು ಶೇ. 80ಕ್ಕೆ ಇಳಿಸಿ.

ಕೊರತೆ ದೊಡ್ಡದೊಂದಿದೆ. ಪ್ರೊಸೆಸರ್ ಬೋರ್ಡ್‌ಗೇ ಬೆಸುಗೆಯಾಗಿದೆ. ಬೋರ್ಡ್ ಹೋದರೆ ಅದನ್ನೂ ಹೊರದೇಶದಿಂದಲೇ ತರಿಸಬೇಕು, ಅಲ್ಲಿಯವರೆಗೆ ಯಂತ್ರ ಮೂಲೆಗೆ. ಒಂದೇ ಲ್ಯಾಪ್‌ಟಾಪ್ ನಂಬಿ ದುಡಿಯುವವರು ಇದನ್ನು ಯೋಚಿಸಿಯೇ ಕೊಳ್ಳಿ. ಬ್ಯಾಟರಿ ಹಳತಾದಾಗ ಹೊಸದನ್ನು ಬರುವವರ ಕೈಲಿ ತರಿಸಬಹುದು, ಆದರೆ ಕ್ಯಾಬಿನ್ ಬ್ಯಾಗಿನಲ್ಲಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ.