ಬೌಂಡ್ ಹಾಕೋದಾ, ಕನ್‌ಸ್ಟ್ರೇಂಟ್ ಕೊಡೋದಾ?

ಮಂಡ್ಯದ ಒಂದು ಆಲೆಮನೆಗೆ ಲೋಡ್‌ಗಳ ಲೆಕ್ಕ ಇಡುವ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಟೈಪ್ ವೇರಿಯಬಲ್ ಅಂದರೆ ಫಂಕ್ಷನ್ ಕರೆದಾಗ ಯಾವ ಟೈಪ್ (ಡೇಟಾದ ಬಗೆ) ಬರುತ್ತದೋ ಅದರ ಜಾಗದಲ್ಲಿ ಇಟ್ಟ ಹೆಸರು. ಅದಕ್ಕೆ ಕಡಿವಾಣ ಹಾಕಲು ಎರಡು ದಾರಿ ಇವೆ. ಒಂದು ಬೌಂಡ್: ಒಂದು ಟೈಪ್ ಕೊಟ್ಟು, ಅದಾಗಲಿ ಅದರ ಕೆಳಗಿನದಾಗಲಿ ಸರಿ ಅನ್ನೋದು. ಇನ್ನೊಂದು ಕನ್‌ಸ್ಟ್ರೇಂಟ್: ಟೈಪ್‌ಗಳ ಪಟ್ಟಿ ಕೊಟ್ಟು, ಅದರಲ್ಲೇ ಒಂದಾಗಬೇಕು ಅನ್ನೋದು. ಎರಡನ್ನೂ ಅದೇ ಕೋಡಿಗೆ ಹಾಕಿ, ಕೋಡ್ ಓಡಿಸದೆಯೇ ಟೈಪ್ ತಪ್ಪು ಹಿಡಿಯುವ ಮೈಪೈ ಏನನ್ನುತ್ತದೆ ನೋಡಿದೆ.

ಕೋಡಿನಲ್ಲಿ 'ಲೋಡ್' ಅನ್ನೋ ಕ್ಲಾಸ್ ಇದೆ. ಅದರ ಕೆಳಗೆ 'ಕಬ್ಬು' ಮತ್ತು 'ಬೆಲ್ಲ'. ಕಬ್ಬಿನ ಕೆಳಗೆ 'ಕೂಳೆ ಕಬ್ಬು' (ಕಟಾವಾದ ಬುಡದಿಂದ ಮತ್ತೆ ಚಿಗುರಿದ್ದು). ಎಷ್ಟನೇ ಕೂಳೆ ಅನ್ನೋ ಫೀಲ್ಡ್ ಇರೋದು ಅದರಲ್ಲಿ ಮಾತ್ರ. ಎರಡು ಲೋಡ್ ಕೊಟ್ಟರೆ ಭಾರದ್ದನ್ನು ವಾಪಸ್ ಕೊಡುವ ಫಂಕ್ಷನ್ ನನಗೆ ಬೇಕಿತ್ತು.

ಮೊದಲು ಕನ್‌ಸ್ಟ್ರೇಂಟ್: ಕಬ್ಬು ಇಲ್ಲವೇ ಬೆಲ್ಲ. ಎರಡು ಕೂಳೆ ಲೋಡ್ ಕೊಟ್ಟೆ. ಮೈಪೈ ಲೆಕ್ಕದಲ್ಲಿ ವಾಪಸ್ ಬಂದದ್ದು ಬರೀ ಕಬ್ಬು! ಎಷ್ಟನೇ ಕೂಳೆ ಅಂತ ಕೇಳಿದರೆ, ಕಬ್ಬಿಗೆ ಅಂಥ ಫೀಲ್ಡೇ ಇಲ್ಲ ಅಂತ ಎರರ್. ಕನ್‌ಸ್ಟ್ರೇಂಟ್ ಕೊಟ್ಟರೆ ಪಟ್ಟಿಯಲ್ಲಿರುವ ಟೈಪ್‌ಗಳಲ್ಲೇ ಒಂದನ್ನು ಆರಿಸುತ್ತದೆ, ಅದರ ಕೆಳಗಿನ ಕ್ಲಾಸ್ ಉಳಿಯಲ್ಲ. ಬೌಂಡ್‌ಗೆ 'ಲೋಡ್' ಕೊಟ್ಟೆ. ಕೂಳೆ ಕೂಳೆಯಾಗಿಯೇ ವಾಪಸ್ ಬಂತು. ಇಂಥ ಕಡೆ ಬೌಂಡ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಆದರೆ ತೂಕದ ಯಂತ್ರದಿಂದ ಬರೋದು ಬೈಟ್ಸ್ (ಕಚ್ಚಾ ಡೇಟಾ), ಫೈಲಿನಿಂದ ಓದೋದು ಸ್ಟ್ರಿಂಗ್ (ಅಕ್ಷರಗಳ ಸಾಲು). ಎರಡು ತುಂಡು ಜೋಡಿಸುವ ಒಂದೇ ಫಂಕ್ಷನ್ ಎರಡಕ್ಕೂ ಬೇಕು, ಆದರೆ ಒಂದಕ್ಕೊಂದು ಬೆರೆಯಬಾರದು. ಬೌಂಡ್‌ಗೆ ಎರಡರ ಯೂನಿಯನ್ (ಇದೋ ಅದೋ ಅನ್ನೋ ಟೈಪ್) ಕೊಟ್ಟರೆ ಒಂದು ಸ್ಟ್ರಿಂಗ್, ಒಂದು ಬೈಟ್ಸ್ ಕೊಟ್ಟು ಕರೆದರೂ ಮೈಪೈ ಸುಮ್ಮನಿರುತ್ತದೆ. ಫಂಕ್ಷನ್ ಒಳಗೆ ಎರಡನ್ನು ಕೂಡಿಸುವ ಸಾಲಿನಲ್ಲಿ ಮಾತ್ರ ತಕರಾರು. ಕನ್‌ಸ್ಟ್ರೇಂಟ್ ಕೊಟ್ಟೆ. ಒಳಗಿನ ಕೋಡನ್ನು ಸ್ಟ್ರಿಂಗ್ ಅಂದುಕೊಂಡು ಒಂದು ಸಲ, ಬೈಟ್ಸ್ ಅಂದುಕೊಂಡು ಒಂದು ಸಲ ನೋಡಿ ಒಪ್ಪಿಕೊಂಡಿತು. ಬೆರೆಸಿ ಕರೆದ ಸಾಲಿಗೆ ಎರರ್ ಕೊಟ್ಟಿತು. ತಪ್ಪಿರೋದು ಅಲ್ಲೇ ಅಲ್ವಾ?

ಟೈಪ್ ವೇರಿಯಬಲ್ ಬಿಟ್ಟು ಬರೀ ಯೂನಿಯನ್ ಹಾಕಿಯೂ ನೋಡಿದೆ. ವಾಪಸ್ ಬಂದದ್ದು ಯಾವುದು ಅಂತ ಕರೆದ ಕಡೆಯಲ್ಲೆಲ್ಲ ಪರೀಕ್ಷಿಸಬೇಕು. ಕೆಲಸ ಜಾಸ್ತಿ, ಲಾಭ ಇಲ್ಲ.

ಒಂದು ವಿಷಯಕ್ಕೆ ಮಾತ್ರ ಹುಷಾರಾಗಿರಿ. 2023ರಲ್ಲಿ ಬಂದ ಪೈಥಾನ್ 3.12ರ ಹೊಸ ಬರಹದಲ್ಲಿ ಬೌಂಡ್, ಕನ್‌ಸ್ಟ್ರೇಂಟ್ ಎರಡನ್ನೂ ಕೋಲನ್ ಆದಮೇಲೆಯೇ ಬರೆಯೋದು. ದುಂಡು ಆವರಣದೊಳಗೆ ಅಲ್ಪವಿರಾಮ ಹಾಕಿ ಟೈಪ್‌ಗಳನ್ನು ಬರೆದರೆ ಕನ್‌ಸ್ಟ್ರೇಂಟ್, ನಡುವೆ ನಿಂತ ಗೆರೆ (|) ಹಾಕಿದರೆ ಯೂನಿಯನ್ ಬೌಂಡ್. ಬೇರೆಯವರ ಕೋಡ್ ನೋಡುವಾಗ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೇ.