‘ಪೇಜ್ 3’, ‘ಪಾರ್ಟಿ’, ‘ನ್ಯೂ ಡೆಲ್ಲಿ ಟೈಮ್ಸ್’: ಮೂರು ರಾತ್ರಿ ನೋಡಿದ ಮೇಲೆ

ಚಿಕ್ಕಮ್ಮನ ಮಗಳು ಈ ವರ್ಷ ಪತ್ರಿಕೋದ್ಯಮ ಓದಲು ಸೇರಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, ‘ಅಕ್ಕಾ, ಪೇಪರ್‌ನವರ ಬಗ್ಗೆ ಹಿಂದಿಯಲ್ಲಿ ಒಂದು ಒಳ್ಳೇ ಸಿನಿಮಾ ಹೇಳು. ಒಂದೇ ಒಂದು. ಪಟ್ಟಿ ಕೊಡಬೇಡ’ ಅಂದಳು. ನಾನು ಯೋಚನೆಯೇ ಮಾಡದೆ ‘ಪೇಜ್ 3’ ಅಂದೆ. ಫೋನ್ ಇಟ್ಟ ಮೇಲೆ ಅನುಮಾನ ಶುರುವಾಯಿತು. ಆ ಸಿನಿಮಾ ನೋಡಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಆಮೇಲೆ ಬೆಂಗಳೂರಿನ ಒಂದು ಪತ್ರಿಕೆಯ ಪುರವಣಿಯಲ್ಲಿ ಎರಡು ವರ್ಷ ಪಾರ್ಟಿ ಪುಟ, ಅಂದರೆ ದೊಡ್ಡವರ ಪಾರ್ಟಿಗಳ ಫೋಟೊ, ಸುದ್ದಿ ಹಾಕುವ ಪುಟ, ನೋಡಿಕೊಂಡೆ. ಆ ಎರಡು ವರ್ಷ ಕಳೆದ ಮೇಲೆ ಸಿನಿಮಾವನ್ನು ಮತ್ತೆ ನೋಡಿರಲೇ ಇಲ್ಲ.

ಹಾಗಾಗಿ ಮೂರು ರಾತ್ರಿ ಕೂತು ಮೂರು ಸಿನಿಮಾ ನೋಡಿದೆ. ಮಧುರ್ ಭಂಡಾರ್ಕರ್ ಅವರ ‘ಪೇಜ್ 3’ (2005), ಗೋವಿಂದ ನಿಹಲಾನಿಯವರ ‘ಪಾರ್ಟಿ’ (1984), ರಮೇಶ್ ಶರ್ಮಾ ಅವರ ‘ನ್ಯೂ ಡೆಲ್ಲಿ ಟೈಮ್ಸ್’ (1986). ನೋಡುವಾಗ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ವರದಿಗಾರರ ಕೈಗೆ ಒಂದು ಸುದ್ದಿ ಸಿಗುತ್ತದೆಯಲ್ಲ, ಕೊನೆಗೆ ಆ ಸುದ್ದಿಗೆ ಏನಾಗುತ್ತದೆ?

ಮೊದಲು ‘ಪೇಜ್ 3’. ಕೊಂಕಣಾ ಸೇನ್ ಶರ್ಮಾ ಮಾಡಿರುವ ಮಾಧವಿ ಮುಂಬೈಯಲ್ಲಿ ಪಾರ್ಟಿಗಳ ವರದಿಗಾರ್ತಿ. ಸಂಜೆ ಪಾರ್ಟಿ, ಮರುದಿನ ಫೋಟೊ, ಅದರ ಮರುದಿನ ಇನ್ನೊಂದು ಪಾರ್ಟಿ. ಅದೇ ಹತ್ತಿಪ್ಪತ್ತು ಮುಖ. ಮೊದಲ ಅರ್ಧ ಗಂಟೆಯಲ್ಲಿ ನಾನು ನಾಲ್ಕೈದು ಸಲ ನಕ್ಕೆ, ಅಷ್ಟು ಸರಿಯಾಗಿದೆ. ಎಲ್ಲರೂ ಮಾಧವಿಯನ್ನು ಅಪ್ಪಿಕೊಳ್ಳುತ್ತಾರೆ. ಅಪ್ಪುಗೆ ಅವಳಿಗಲ್ಲ, ಅವಳ ಪುಟಕ್ಕೆ. ನನಗೂ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಬರುತ್ತಿತ್ತು. ನನ್ನ ಫೋಟೊ ಯಾಕೆ ಚಿಕ್ಕದು, ಅವಳ ಪಕ್ಕ ನನ್ನನ್ನು ಯಾಕೆ ಹಾಕಿದಿರಿ, ಹೆಸರಿನಲ್ಲಿ ಎರಡು ‘ಎ’ ಬರಬೇಕಿತ್ತು, ನಮ್ಮ ಜ್ಯೋತಿಷಿ ಹೇಳಿದ್ದಾರೆ. ಈ ಕೆಲಸದಲ್ಲಿ ಬರೆಯುವುದು ಕಡಿಮೆ, ಫೋಟೊ ಅಡಿಯ ಹೆಸರು ಸರಿಯಾಗಿದೆಯಾ ಅಂತ ನೋಡುವುದೇ ಜಾಸ್ತಿ.

ಈ ಸಿನಿಮಾದ ಬೆಸ್ಟ್ ಜಾಗ ಪಾರ್ಟಿಯ ಒಳಗಿಲ್ಲ, ಹೊರಗಿದೆ. ಕಾರುಗಳ ಹತ್ತಿರ ನಿಂತ ಡ್ರೈವರ್‌ಗಳು ತಮ್ಮ ತಮ್ಮ ಯಜಮಾನರ ಕಥೆ ಬಿಚ್ಚುತ್ತಾರೆ. ಯಾರ ಸಂಸಾರ ಮುರಿದಿದೆ, ಯಾರು ಯಾರ ಜೊತೆ ಓಡಾಡುತ್ತಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಇದು ಬರೀ ಸಿನಿಮಾ ಜಾಣತನ ಅಲ್ಲ. ನನಗೆ ಸಿಕ್ಕ ಗಟ್ಟಿ ಸುದ್ದಿಗಳಲ್ಲಿ ಅರ್ಧದಷ್ಟು ಹೋಟೆಲಿನ ಪಾರ್ಕಿಂಗ್‌ನಲ್ಲೇ ಸಿಕ್ಕಿದ್ದು. ಆಫೀಸಿನ ಕ್ಯಾಬ್‌ಗೆ ಕಾಯುತ್ತಾ ನಿಲ್ಲುತ್ತಿದ್ದೆನಲ್ಲ, ಆಗ.

ಇನ್ನೊಂದು, ಸಾವಿನ ಮನೆ. ಬಿಳಿ ಬಟ್ಟೆ, ಕಪ್ಪು ಕನ್ನಡಕ, ಮೆಲ್ಲಗೆ ಹರಟೆ. ಸತ್ತವಳು ಅವರದೇ ಬಳಗದ ಹೆಂಗಸು, ಆತ್ಮಹತ್ಯೆ ಮಾಡಿಕೊಂಡವಳು. ಪಾರ್ಟಿಗೂ ಅದಕ್ಕೂ ಬಟ್ಟೆಯ ಬಣ್ಣವೊಂದೇ ವ್ಯತ್ಯಾಸ.

ಮಾಧವಿಗೆ ಈ ಪುಟ ಸಾಕಾಗುತ್ತದೆ. ಕ್ರೈಂ ವರದಿಗಾರ ವಿನಾಯಕ್ ಮಾನೆಯ ಜೊತೆ ಓಡಾಡಲು ಶುರು ಮಾಡುತ್ತಾಳೆ. ಆ ಪಾತ್ರ ಮಾಡಿದ ಅತುಲ್ ಕುಲಕರ್ಣಿ ನಮ್ಮ ಬೆಳಗಾವಿಯಲ್ಲಿ ಹುಟ್ಟಿದವರು, ‘ಆ ದಿನಗಳು’ ಸಿನಿಮಾದಲ್ಲಿ ನೋಡಿರುತ್ತೀರಿ. ಇಲ್ಲಿ ಅವರು ಮಾಡಿದ್ದು ಥೇಟ್ ಕ್ರೈಂ ಬೀಟಿನವರೇ: ಮಾತು ಕಡಿಮೆ, ಪಾರ್ಟಿ ಪುಟದವರ ಮೇಲೆ ಸ್ವಲ್ಪ ತಾತ್ಸಾರ. ಕೊನೆಗೆ ಮಕ್ಕಳ ಮೇಲಿನ ದೌರ್ಜನ್ಯದ ಒಂದು ದೊಡ್ಡ ಸುದ್ದಿ ಮಾಧವಿಯ ಕೈಗೆ ಸಿಗುತ್ತದೆ. ಸಿಕ್ಕಿಬಿದ್ದವನು ಪಾರ್ಟಿಗಳಲ್ಲಿ ಮಿಂಚುವ ದೊಡ್ಡ ಉದ್ಯಮಿ. ಮೇಲಿನಿಂದ ಒತ್ತಡ ಬರುತ್ತದೆ. ಬೊಮನ್ ಇರಾನಿ ಮಾಡಿರುವ ಸಂಪಾದಕ ಒಳ್ಳೆಯ ಮನುಷ್ಯ, ಆದರೆ ಬಗ್ಗುತ್ತಾನೆ. ಸುದ್ದಿ ಸಾಯುತ್ತದೆ, ಅವಳ ಕೆಲಸವೂ ಹೋಗುತ್ತದೆ. ಆಮೇಲೆ ಬೇರೆ ಪತ್ರಿಕೆ, ಮತ್ತೆ ಅದೇ ಪಾರ್ಟಿ ಪುಟ.

ಇಲ್ಲೇ ನನಗೂ ಈ ಸಿನಿಮಾಗೂ ಸ್ವಲ್ಪ ಜಗಳ. ನನ್ನದೊಂದು ಚಿಕ್ಕ ಕಥೆ ಹೇಳುತ್ತೇನೆ. ಒಂದು ಪಾರ್ಟಿಗೆ ಸಂಜೆ ಬೇಗ ಹೋಗಿದ್ದೆ. ವೇದಿಕೆಯ ಮೇಲೆ ಲೈಟ್ ಕಟ್ಟುತ್ತಿದ್ದ ಹುಡುಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಅವನನ್ನು ಆಟೋದಲ್ಲಿ ಕಳಿಸಿದರು. ಎಂಟು ಗಂಟೆಗೆ ಪಾರ್ಟಿ ಶುರುವಾಯಿತು. ನಾನು ಆ ಹುಡುಗನ ಬಗ್ಗೆ ನಾಲ್ಕು ಸಾಲು ಬರೆದು ವರದಿಯ ಕೊನೆಗೆ ಸೇರಿಸಿ ಕೊಟ್ಟೆ. ಮರುದಿನ ಪುಟ ನೋಡಿದರೆ ವೇದಿಕೆಯ ಫೋಟೊ ದೊಡ್ಡದಾಗಿ ಬಂದಿತ್ತು. ನಾಲ್ಕು ಸಾಲು ಇರಲಿಲ್ಲ. ಯಾರೂ ಮಾಲೀಕರಿಗೆ ಫೋನ್ ಮಾಡಿರಲಿಲ್ಲ. ಜಾಹೀರಾತು ನಿಲ್ಲಿಸುತ್ತೇವೆ ಅಂತ ಯಾರೂ ಹೆದರಿಸಿರಲಿಲ್ಲ. ವರದಿ ತಿದ್ದಿ ಪುಟ ಕಟ್ಟುವ ಡೆಸ್ಕಿನಲ್ಲಿದ್ದವರು, ಪಾಪ, ಒಳ್ಳೆಯವರೇ, ‘ಈ ಪುಟಕ್ಕೆ ಅದು ಸೆಟ್ ಆಗಲ್ಲ ಅಲ್ವಾ’ ಅಂದರು. ನಾನೂ ‘ಹೌದು ಸರ್’ ಅಂದೆ.

ಅದಕ್ಕೇ ಈ ಸಲ ‘ಪೇಜ್ 3’ ನೋಡುವಾಗ ಅನ್ನಿಸಿದ್ದು, ಒಂದು ಸುದ್ದಿ ಸಾಯಲು ಅಷ್ಟು ದೊಡ್ಡ ರಾಕ್ಷಸ ಬೇಕಾ? ಭಂಡಾರ್ಕರ್‌ಗೆ ಬೇಕು. ಅವರಿಗೆ ಎಲ್ಲವೂ ಜಾಸ್ತಿಯೇ ಬೇಕು. ಮಾಧವಿಯ ಜೊತೆ ಮನೆ ಹಂಚಿಕೊಂಡ ಒಬ್ಬಳು ದುಡ್ಡಿಗಾಗಿ ಮದುವೆಯಾಗಬೇಕು, ನಟಿಯಾಗಲು ಬಂದವಳು ಮೋಸ ಹೋಗಬೇಕು, ಗೆಳೆಯ ಕೈ ಕೊಡಬೇಕು. ಆ ಗೆಳೆಯ ಇನ್ನೊಬ್ಬ ಗಂಡಸಿನ ಜೊತೆ ಇರುವುದನ್ನು ನಮಗೆ ಶಾಕ್ ಕೊಡಲೆಂದೇ ತೋರಿಸಿದ ರೀತಿಯಂತೂ ಇವತ್ತು ನೋಡಿದರೆ ಮುಜುಗರವಾಗುತ್ತದೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನುವುದನ್ನು ಒಮ್ಮೆ ಹೇಳಿದರೆ ಸಾಕಿತ್ತು.

ಮತ್ತೆ ದುಡ್ಡು. ಈ ಸಿನಿಮಾ ಬರುವ ಎರಡು ವರ್ಷ ಮೊದಲೇ, 2003ರಲ್ಲಿ, ‘ಟೈಮ್ಸ್ ಆಫ್ ಇಂಡಿಯಾ’ ನಡೆಸುವ ಟೈಮ್ಸ್ ಗುಂಪು ಮೀಡಿಯಾನೆಟ್ ಶುರು ಮಾಡಿತ್ತು. ಪುರವಣಿಯಲ್ಲಿ ಸುದ್ದಿಯ ರೂಪದಲ್ಲೇ ಜಾಗ ಬೇಕಾದರೆ ದುಡ್ಡು ಕೊಟ್ಟು ಪಡೆಯುವ ಏರ್ಪಾಡು ಅದು. ಅಂದರೆ ಪಾರ್ಟಿಗೆ ವರದಿಗಾರ್ತಿಯನ್ನು ಕರೆದು ಅಪ್ಪಿಕೊಳ್ಳುವ ಕಷ್ಟವೂ ಬೇಡ, ಬಿಲ್ ಕಟ್ಟಿದರಾಯಿತು. ಸಿನಿಮಾ ಇದಕ್ಕೆ ಅಷ್ಟಾಗಿ ಕೈ ಹಾಕುವುದಿಲ್ಲ. ಜಾಹೀರಾತೇ ಬೇಡ ಅಂತ 1980ರಲ್ಲಿ ಶುರುವಾಗಿ ಓದುಗರ ಕಾಸಿನಲ್ಲೇ ನಡೆದ ‘ಲಂಕೇಶ್ ಪತ್ರಿಕೆ’ಯನ್ನು ಕಂಡ ನಮ್ಮೂರಿನ ಹಿರಿಯರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ‘ಪೇಜ್ 3’ಕ್ಕೆ ಬಂದದ್ದು ನನಗೆ ತಪ್ಪು ಅನ್ನಿಸುವುದಿಲ್ಲ. ಕೊಂಕಣಾ ಮುಖದಲ್ಲಿ ಆ ಸುಸ್ತು ಇದೆಯಲ್ಲ, ರಾತ್ರಿ ಹನ್ನೊಂದಕ್ಕೆ ಹೈ ಹೀಲ್ಸ್ ಕೈಯಲ್ಲಿ ಹಿಡಿದುಕೊಂಡು ಪುಟಕ್ಕೆ ಹೆಸರು ಕಳಿಸಿದವರಿಗೆ ಅದು ಗೊತ್ತು.

ಎರಡನೇ ರಾತ್ರಿ ‘ಪಾರ್ಟಿ’. ನನ್ನ ಹತ್ತಿರ ಇದ್ದ ಪ್ರತಿ ಮಸುಕಾಗಿತ್ತು, ಮಾತು ಕೇಳಲು ಇಯರ್‌ಫೋನ್ ಹಾಕಿಕೊಂಡೆ. ಮಹೇಶ್ ಎಲಕುಂಚ್ವಾರರ ಮರಾಠಿ ನಾಟಕದಿಂದ ಬಂದದ್ದು ಇದು. ಮುಂಬೈಯ ಒಂದು ಶ್ರೀಮಂತ ಮನೆ, ದೊಡ್ಡ ನಾಟಕಕಾರನಿಗೆ ಪ್ರಶಸ್ತಿ ಬಂದ ಖುಷಿಗೆ ಒಂದು ಪಾರ್ಟಿ. ಬಹುಪಾಲು ಸಿನಿಮಾ ಒಂದೇ ರಾತ್ರಿ, ಒಂದೇ ಮನೆ. ಬಂದವರೆಲ್ಲ ಸಾಹಿತಿಗಳು, ನಟರು, ಸಮಾಜಸೇವೆಯವರು. ಸಿನಿಮಾ ತಾರೆಯರ ಪಾರ್ಟಿಗಿಂತ ಇದು ನನಗೆ ಜಾಸ್ತಿ ಕಚ್ಚಿತು. ಯಾಕೆಂದರೆ ಇಲ್ಲಿರುವವರಿಗೆ ಒಳ್ಳೆಯ ಮಾತು ಬರುತ್ತದೆ. ಬೆಂಗಳೂರಿನಲ್ಲಿ ಪುಸ್ತಕ ಬಿಡುಗಡೆ ಮುಗಿದ ಮೇಲಿನ ಊಟಕ್ಕೆ ನಿಂತವರಿಗೆ ಈ ಮುಖಗಳು ಹೊಸದಲ್ಲ.

ಅವರೆಲ್ಲರ ಬಾಯಲ್ಲಿ ಇರುವವನು ಅಲ್ಲಿಗೆ ಬಂದೇ ಇಲ್ಲ. ಅಮೃತ್ ಅನ್ನುವ ಕವಿ, ಆದಿವಾಸಿಗಳ ಜೊತೆ ಇರಲು ಹೋದವನು. ಓಂ ಪುರಿ ಮಾಡಿರುವ ಪತ್ರಕರ್ತ ಅವಿನಾಶ್ ತಡವಾಗಿ ಬಂದು ಅವನ ಬಗ್ಗೆ ಹೇಳುತ್ತಾನೆ. ಆ ವಾದ ನಡೆಯುವಾಗ ಗ್ಲಾಸು ಯಾರ ಕೈಯಿಂದಲೂ ಕೆಳಗಿಳಿಯುವುದಿಲ್ಲ. ಕೊನೆಗೆ ಅಮೃತ್ ಕೊಲೆಯಾದ ಸುದ್ದಿ ಆ ಮನೆ ತಲುಪುತ್ತದೆ. ಇಲ್ಲಿ ಸುದ್ದಿಯನ್ನು ಯಾರೂ ತಡೆಯುವುದಿಲ್ಲ. ಅದು ನಡುಮನೆಗೇ ಬರುತ್ತದೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನನ್ನ ನಾಲ್ಕು ಸಾಲಿನ ಕಥೆಗೆ ಹತ್ತಿರವಾದದ್ದು ಇದೇ. ಖಳನಾಯಕ ಇಲ್ಲ, ಎಲ್ಲರೂ ಒಳ್ಳೆಯವರೇ.

ಅಮೃತ್ ಆಗಿ ನಸೀರುದ್ದೀನ್ ಶಾ ಬರುವುದು ಕೊನೆಗೆ, ಕೆಲವೇ ಕ್ಷಣ. ಅದನ್ನು ಇಲ್ಲಿ ಹೇಳಿಬಿಟ್ಟರೆ ಮಜಾ ಹೋಗುತ್ತದೆ. ರೋಹಿಣಿ ಹಟ್ಟಂಗಡಿಯವರಿಗೆ ಪೋಷಕ ನಟಿ ರಾಷ್ಟ್ರಪ್ರಶಸ್ತಿ ತಂದ ಮೋಹಿನಿ ಪಾತ್ರವನ್ನು ನೋಡಲಾದರೂ ಈ ಸಿನಿಮಾ ನೋಡಬೇಕು. ಆದರೆ ನಿಧಾನ. ನಾಟಕದ ಮಾತು ನಾಟಕದ ಹಾಗೇ ಉಳಿದಿದೆ. ಹತ್ತೊಂಬತ್ತರ ಹುಡುಗಿ ಫೋನ್ ನೋಡದೆ ಕೂರುತ್ತಾಳೆ ಅಂತ ನನಗೆ ನಂಬಿಕೆ ಇಲ್ಲ.

‘ನ್ಯೂ ಡೆಲ್ಲಿ ಟೈಮ್ಸ್’ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅಲ್ಲಿ ಪಾರ್ಟಿಗಿಂತ ರಾಜಕೀಯ ಜಾಸ್ತಿ. ಶಶಿ ಕಪೂರ್ ದಿಲ್ಲಿಯ ಸಂಪಾದಕ. ಗುಲ್ಜಾರ್ ಬರವಣಿಗೆ. ರಾಜಕೀಯ ಕೊಲೆಯೊಂದರ ಬೆನ್ನು ಹತ್ತುತ್ತಾನೆ, ಬರೆಯುತ್ತಾನೆ, ಸುದ್ದಿ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಗೊತ್ತಾಗುತ್ತದೆ, ತಾನು ಇನ್ಯಾರದೋ ಪಗಡೆಯಲ್ಲಿ ಕಾಯಿ ಅಂತ. ನನಗೆ ಮೂರರಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಇದು. ಸತ್ತ ಸುದ್ದಿಗೆ ಅಳಬಹುದು. ಅಚ್ಚಾಗಿ, ಹೆಸರೂ ಬಂದು, ಎಲ್ಲರೂ ಭೇಷ್ ಅಂದ ಮೇಲೆ ಮೋಸ ಹೋಗಿದ್ದೀನಿ ಅಂತ ತಿಳಿದರೆ ಯಾರ ಮುಂದೆ ಹೇಳಿಕೊಳ್ಳುವುದು? ಶಶಿ ಕಪೂರ್‌ಗೆ ಇದರಿಂದ ರಾಷ್ಟ್ರಪ್ರಶಸ್ತಿ ಬಂತು. ದೂರದರ್ಶನ ಮಾತ್ರ ತೋರಿಸುತ್ತೇವೆ ಅಂತ ಹೇಳಿ ಆಮೇಲೆ ಕೈಬಿಟ್ಟಿತು. ಸಿನಿಮಾದ ಕಥೆ ಹೊರಗೂ ಮುಂದುವರಿದ ಹಾಗೆ. ಸುದ್ದಿಮನೆಯ ಕೆಲಸ ನೋಡಬೇಕಾದರೆ, ಅಂದರೆ ಫೋನ್ ಮಾಡುವುದು, ಊರಿಗೆ ಹೋಗುವುದು, ಫೋಟೊಗ್ರಾಫರ್ ಜೊತೆ ಅಲೆಯುವುದು, ಇದರಲ್ಲೇ ಚೆನ್ನಾಗಿದೆ.

ಅನುಷಾ ರಿಜ್ವಿ ಅವರ ‘ಪೀಪ್ಲಿ ಲೈವ್’ (2010) ಸೇರಿಸಬೇಕು ಅಂತ ಆಸೆ ಇತ್ತು. ಅವರೇ ಪತ್ರಕರ್ತೆಯಾಗಿದ್ದವರು. ಆದರೆ ಅದು ಟಿವಿ ಕ್ಯಾಮೆರಾ ಮತ್ತು ಹಳ್ಳಿಯ ಕಥೆ, ಇನ್ನೊಂದು ದಿನಕ್ಕೆ ಇರಲಿ.

ಹಾಗಾದರೆ ತಂಗಿಗೆ ಯಾವುದು? ಮನಸ್ಸು ‘ಪಾರ್ಟಿ’ ಕಡೆ ವಾಲಿತು, ಸುಳ್ಳು ಹೇಳಲ್ಲ. ಕೊನೆಗೂ ನನ್ನ ಮೊದಲ ಮಾತೇ ಉಳಿಸಿಕೊಂಡೆ. ಕೆಲಸಕ್ಕೆ ಸೇರುವ ಮೊದಲು ‘ಪೇಜ್ 3’ ನೋಡಲಿ. ಯಾರು ಯಾಕೆ ಅಪ್ಪಿಕೊಳ್ಳುತ್ತಾರೆ ಅಂತ ಗೊತ್ತಿರಲಿ. ಮೊದಲ ಬೈಲೈನ್, ಅಂದರೆ ವರದಿಯ ಮೇಲೆ ಅವಳ ಹೆಸರು, ಬಂದ ವಾರ ‘ನ್ಯೂ ಡೆಲ್ಲಿ ಟೈಮ್ಸ್’. ‘ಪಾರ್ಟಿ’ಗೆ ಆತುರವಿಲ್ಲ, ಅವಳೂ ಒಂದು ಸಲ ‘ಹೌದು ಸರ್’ ಅಂದ ಮೇಲೆ ನೋಡಬಹುದು. ಇದನ್ನೆಲ್ಲ ಅವಳಿಗೆ ಉದ್ದಕ್ಕೆ ಬರೆದು ಕಳಿಸಿದೆ.

ಮೊನ್ನೆ ರಾತ್ರಿ ವಾಟ್ಸ್ಆಪ್ ಬಂತು. ‘ಅಕ್ಕಾ, ಡ್ರೈವರ್‌ಗಳ ಸೀನ್ ಎರಡು ಸಲ ನೋಡಿದೆ. ನೀನು ಬೇಡ ಅಂದ್ಯಲ್ಲ, ಅದಕ್ಕೇ ಪಾರ್ಟಿನೂ ಹಾಕಿದೀನಿ. ಅರ್ಧ ಆಯ್ತು, ಇನ್ನೂ ಬರೀ ಮಾತಾಡ್ತಾನೇ ಇದಾರೆ. ಇವರು ಯಾವಾಗ ಊಟ ಮಾಡ್ತಾರೆ?’